ನಿಮಗಿದು ಗೊತ್ತೇ? ಪಾಸ್ಕಲ್ ಕೋಟಿನೊಳಗಿದ್ದ ಚೀಟಿ

ಒತ್ತಡದ ಅಳತೆಗೆ ಯಾರ ಹೆಸರಿಟ್ಟಿದ್ದಾರೆ ಎಂದು ಹೈಸ್ಕೂಲು ಮಕ್ಕಳನ್ನು ಕೇಳಿದರೆ ತಟ್ಟನೆ ಪಾಸ್ಕಲ್ ಎನ್ನುತ್ತಾರೆ. ಆ ಬ್ಲೇಸ್ ಪಾಸ್ಕಲ್ ಕ್ರೈಸ್ತ ಜಗತ್ತಿನ ಬಹು ದೊಡ್ಡ ಚಿಂತಕರಲ್ಲೊಬ್ಬ ಎಂಬುದು ಪಠ್ಯದಲ್ಲಿ ಬರುವುದಿಲ್ಲ.

ಅವನು ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ. ಮೂರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ. ಶಾಲೆಯ ಮೆಟ್ಟಿಲು ಹತ್ತಲಿಲ್ಲ, ತಂದೆಯೇ ಗುರು.

ತೆರಿಗೆ ಲೆಕ್ಕದಲ್ಲಿ ಹಗಲುರಾತ್ರಿ ಮುಳುಗಿರುತ್ತಿದ್ದ ತಂದೆಗೆ ನೆರವಾಗಲೆಂದು 1642ರಲ್ಲಿ ಅವನು ಕೂಡುವ, ಕಳೆಯುವ ಯಂತ್ರವೊಂದಕ್ಕೆ ಕೈಹಾಕಿದ. ಆಗಿನ್ನೂ ಹತ್ತೊಂಬತ್ತರ ಆಸುಪಾಸು. ಸರಿಯಾಗುವವರೆಗೆ ಐವತ್ತಕ್ಕೂ ಹೆಚ್ಚು ಮಾದರಿ ಮಾಡಿದ.

ಗಾಳಿಗೂ ತೂಕವಿದೆ ಎಂದು ತೋರಿಸಿಕೊಟ್ಟ ಪ್ರಸಿದ್ಧ ಪ್ರಯೋಗ ನಡೆದದ್ದು 1648ರ ಸೆಪ್ಟೆಂಬರ್ 19ರಂದು. ಪಾದರಸದ ಕೊಳವೆ ಹೊತ್ತು ಪ್ಯುಯ್ ದ ಡೋಮ್ ಬೆಟ್ಟ ಹತ್ತಿದವನು ಪಾಸ್ಕಲ್ ಅಲ್ಲ, ಅವನ ಭಾವ ಫ್ಲೋರಿನ್ ಪೆರಿಯೆ. ಹೀಗೆ ಮಾಡು ಎಂದು ಪತ್ರ ಬರೆದು ತಿಳಿಸಿದ್ದಷ್ಟೇ ಪಾಸ್ಕಲ್.

ಅವನ ಹೆಸರಿನಲ್ಲಿರುವ ಅಂಕಿಗಳ ತ್ರಿಕೋನ ನಮ್ಮ ಛಂದಸ್ಸು ಬಲ್ಲವರಿಗೆ ಹೊಸದಲ್ಲ. ಪಿಂಗಲನ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಹಲಾಯುಧ ಹತ್ತನೆಯ ಶತಮಾನದಲ್ಲೇ ಅದನ್ನು ಮೇರುಪ್ರಸ್ತಾರ ಎಂದು ವಿವರಿಸಿದ್ದ.

ಹದಿನೆಂಟು ತುಂಬಿದ ಮೇಲೆ ನೋವಿಲ್ಲದ ಒಂದು ದಿನವನ್ನೂ ತಾನು ಕಂಡಿಲ್ಲ ಎಂದು ಪಾಸ್ಕಲ್ ಹೇಳುತ್ತಿದ್ದನಂತೆ. ಇದನ್ನು ಬರೆದಿಟ್ಟವಳು ಅವನ ಚರಿತ್ರೆ ಬರೆದ ಅಕ್ಕ ಜಿಲ್ಬರ್ಟ್. ನೋವಿನ ಬಗ್ಗೆ ಅವನು ಬರೆದ ಪ್ರತಿ ಸಾಲನ್ನೂ ಈ ಮಾತನ್ನು ನೆನಪಿಟ್ಟುಕೊಂಡೇ ಓದಬೇಕು.

ಇನ್ನು ಆ ಚೀಟಿಯ ಸಂಗತಿ. 1654ರ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ಹನ್ನೆರಡೂವರೆಯ ತನಕ, ಅವನಿಗೊಂದು ದೈವಾನುಭವವಾಯಿತು. ಗಳಿಗೆಯನ್ನೂ ಗುರುತು ಹಾಕಿಕೊಂಡು ಅದನ್ನು ಬರೆದಿಟ್ಟ. ಮೊದಲ ಭಾಗದಲ್ಲೇ ಒಂಟಿಯಾಗಿ ನಿಂತ ಪದ ‘ಬೆಂಕಿ’. ತಾನು ಕಂಡದ್ದು ಅಬ್ರಹಾಮನ, ಇಸಾಕನ, ಯಾಕೋಬನ ದೇವರನ್ನು, ಪಂಡಿತರು ತರ್ಕದಿಂದ ಕಟ್ಟಿದ ದೇವರನ್ನಲ್ಲ ಎಂದು ಅಲ್ಲಿ ಖಚಿತವಾಗಿ ಹೇಳುತ್ತಾನೆ. ಇಷ್ಟಾದರೂ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಕೋಟಿನ ಒಳಬಟ್ಟೆಯಲ್ಲಿ ಅದನ್ನು ಹೊಲಿದುಕೊಂಡ, ಕೋಟು ಬದಲಿಸಿದಾಗಲೆಲ್ಲ ಬಿಚ್ಚಿ ಹೊಸದಕ್ಕೆ ಹೊಲಿದ. ಸುಮಾರು ಎಂಟು ವರ್ಷ ಹೀಗೇ ನಡೆಯಿತು. ಅವನು ತೀರಿಕೊಂಡ ಮೇಲೆ ಬಟ್ಟೆ ದಪ್ಪಗಿದ್ದುದನ್ನು ಗಮನಿಸಿದ ಸೇವಕನ ಕೈಗೆ ಅದು ಸಿಕ್ಕಿತು. ಯುರೋಪಿನ ವಿದ್ವಾಂಸರಿಗೆಲ್ಲ ತನ್ನ ಪ್ರಯೋಗಗಳನ್ನು ಸಾರಿದವನು ತನ್ನ ಬದುಕಿನ ಅತಿ ದೊಡ್ಡ ಅನುಭವವನ್ನು ಅಕ್ಕನಿಗೂ ಹೇಳಲಿಲ್ಲ ಎಂಬುದು ನನ್ನನ್ನು ಈಗಲೂ ಕಲಕುತ್ತದೆ.

ತಂಗಿ ಜಾಕ್ಲೀನ್ 1652ರಲ್ಲಿ ಪೋರ್ಟ್ ರಾಯಲ್ ಮಠ ಸೇರಿ ಕನ್ಯಾಸ್ತ್ರೀಯಾದಳು. ಆ ಮಠದ ಸ್ನೇಹಿತರ ಪರವಾಗಿ ಪಾಸ್ಕಲ್ ಗುಪ್ತನಾಮದಲ್ಲಿ 18 ಪತ್ರಗಳನ್ನು ಪ್ರಕಟಿಸಿ ಜೆಸ್ವಿಟ್ ಪಾದ್ರಿಗಳ ನೀತಿಬೋಧೆಯನ್ನು ಕಟುವಾಗಿ ಟೀಕಿಸಿದ. 1657ರಲ್ಲಿ ರೋಮ್ ಆ ಪತ್ರಗಳನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು. 2023ರಲ್ಲಿ, ಅವನ ನಾನೂರನೆಯ ಹುಟ್ಟುಹಬ್ಬದಂದು, ಪೋಪ್ ಫ್ರಾನ್ಸಿಸ್ ಅವನನ್ನು ಕೊಂಡಾಡಿ ಒಂದು ಪತ್ರವನ್ನೇ ಹೊರಡಿಸಿದರು. ಅವರೂ ಜೆಸ್ವಿಟ್ ಸಭೆಯವರೇ.

ಮನುಷ್ಯನ ಅವಸ್ಥೆಯ ಬಗ್ಗೆ ಪಾಸ್ಕಲ್ ಹೇಳಿದ್ದರಲ್ಲಿ ನನಗೆ ಅತಿ ನಿಜವೆನಿಸುವುದು ಇದು: ನಾವು ಒಂಟಿಯಾಗಿ ಸುಮ್ಮನೆ ಕೂರಲಾರೆವು. ಕೂತರೆ ಸಾವು, ನಮ್ಮ ಅಲ್ಪತನ ಎಲ್ಲ ಎದುರಾಗುತ್ತವೆ. ಅದಕ್ಕೇ ಬೇಟೆ, ಜೂಜು, ಯುದ್ಧ, ಅಧಿಕಾರ. ಸಿಂಹಾಸನದಲ್ಲಿದ್ದವನಿಗೂ ಇದರಿಂದ ವಿನಾಯಿತಿಯಿಲ್ಲ. ಹಾಗೆಂದು ಅವನು ಮನುಷ್ಯನನ್ನು ಹೀನನೆಂದು ತಳ್ಳಿಬಿಡಲಿಲ್ಲ. ತನ್ನ ದೈನ್ಯ ತನಗೇ ತಿಳಿದಿರುವುದರಿಂದಲೇ ಮನುಷ್ಯ ದೊಡ್ಡವನು, ಮರಕ್ಕೆ ಆ ಅರಿವಿಲ್ಲ ಎಂಬುದು ಅವನ ವಾದ.

ಕಾಯಿಲೆಯನ್ನು ಸದುಪಯೋಗ ಮಾಡಿಕೊಳ್ಳುವ ಬಗೆ ಕಲಿಸು ಎಂದು ದೇವರನ್ನು ಬೇಡುವ ಒಂದು ದೀರ್ಘ ಪ್ರಾರ್ಥನೆಯನ್ನೂ ಬರೆದ. ಅದರಲ್ಲಿ ಆರೋಗ್ಯವನ್ನು ಬೇಡುವುದಿಲ್ಲ, ಅನಾರೋಗ್ಯವನ್ನೂ ಬೇಡುವುದಿಲ್ಲ. ಆರಿಸುವ ಹಕ್ಕನ್ನೇ ದೇವರ ಕೈಗೆ ಒಪ್ಪಿಸುತ್ತಾನೆ. ಇದನ್ನು ಇನ್ನೊಬ್ಬ ರೋಗಿಗೆ ಬುದ್ಧಿವಾದವಾಗಿ ಹೇಳಿದರೆ ಕ್ರೌರ್ಯವಾದೀತು. ನರಳುತ್ತಿರುವವನು ತಾನಾಗಿ ಹೇಳಿಕೊಂಡಾಗ ಮಾತ್ರ ಅದಕ್ಕೆ ಬೆಲೆ.

ಪ್ಯಾರಿಸಿನ ಮೊದಲ ಸಾರ್ವಜನಿಕ ಸಾರಿಗೆಯೂ ಪಾಸ್ಕಲ್‌ನ ಯೋಜನೆ. 1662ರ ಮಾರ್ಚ್‌ನಲ್ಲಿ ಕುದುರೆಗಾಡಿಗಳು ಗೊತ್ತಾದ ಮಾರ್ಗದಲ್ಲಿ ಐದು ಸೋಲ್ ದರಕ್ಕೆ ಓಡತೊಡಗಿದವು. ಬರಬೇಕಿದ್ದ ಲಾಭದ ಮೇಲೆ ಮುಂಗಡ ತೆಗೆದು ಬ್ಲುವಾ ಪ್ರಾಂತ್ಯದ ಬಡವರಿಗೆ ಕಳಿಸಬೇಕೆಂದು ಅವನು ಹೊರಟಿದ್ದ.

ಅದೇ ವರ್ಷ ಅವನು ಮನೆಯಲ್ಲಿ ಆಶ್ರಯ ಕೊಟ್ಟಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ಬಂತು. ತನ್ನನ್ನು ನೋಡಿಕೊಳ್ಳಲು ಬರುವ ಅಕ್ಕನ ಮಕ್ಕಳಿಗೆ ಸೋಂಕು ತಗುಲಬಾರದು. ಆದರೆ ಮಗುವನ್ನು ಹೊರಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ತಾನೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದ. ಅಲ್ಲಿ ಕಾಯಿಲೆ ಉಲ್ಬಣಿಸಿದಾಗ ಪರಮಪ್ರಸಾದ ಕೇಳಿದ. ಅಷ್ಟು ಅವಸರವೇನಿಲ್ಲ ಎಂದು ವೈದ್ಯರು ಮುಂದೂಡಿದರು. ಹಾಗಾದರೆ ಒಬ್ಬ ಬಡ ರೋಗಿಯನ್ನು ಇದೇ ಮನೆಗೆ ಕರೆತನ್ನಿ, ನನಗೆ ಮಾಡುವ ಉಪಚಾರವನ್ನೇ ಅವನಿಗೂ ಮಾಡಿ ಎಂದ. ಕ್ರಿಸ್ತನ ಪ್ರಸಾದ ಸಿಗದಿದ್ದರೆ ಕ್ರಿಸ್ತನ ಬಡವರ ಸಂಗವಾದರೂ ಸಿಗಲಿ ಎಂಬ ಹಂಬಲ. ಸಾಗಿಸುವ ಸ್ಥಿತಿಯಲ್ಲಿರುವ ರೋಗಿ ಯಾರೂ ಸಿಗಲಿಲ್ಲ. ಸರಿ, ವಾಸಿಯಾಗದ ರೋಗಿಗಳ ಆಸ್ಪತ್ರೆಗೆ ನನ್ನನ್ನೇ ಒಯ್ಯಿರಿ, ಅವರ ನಡುವೆ ಸಾಯುತ್ತೇನೆ ಎಂದ. ವೈದ್ಯರು ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಪ್ರಸಾದ ದೊರೆಯಿತು. 1662ರ ಆಗಸ್ಟ್ 19ರಂದು ಕಣ್ಣುಮುಚ್ಚಿದಾಗ ಅವನಿಗೆ 39 ವರ್ಷ.

ಪಾಸ್ಕಲ್ ಎಂದರೆ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಮೊದಲು ಬರುವುದು ಅವನ ಪಣ: ದೇವರಿದ್ದಾನೆಂದು ಪಣ ಕಟ್ಟಿ ಗೆದ್ದರೆ ಎಲ್ಲವೂ ನಿನ್ನದು, ಸೋತರೆ ಹೋಗುವುದೇನೂ ಇಲ್ಲ ಎಂಬ ವಾದ. ಆದರೆ ಈ ವಾದ ಬರುವ ‘ಪಾಂಸೇ’ ಅವನು ಮುಗಿಸಿದ ಪುಸ್ತಕವಲ್ಲ. ಕ್ರೈಸ್ತ ನಂಬಿಕೆಯನ್ನು ಸಮರ್ಥಿಸಲು ಬರೆಯುತ್ತಿದ್ದ ಗ್ರಂಥದ ಟಿಪ್ಪಣಿಗಳನ್ನು ಸ್ನೇಹಿತರು 1670ರಲ್ಲಿ ಅಚ್ಚು ಹಾಕಿಸಿದ್ದು ಅದು. ಪಾಸ್ಕಲ್ ದೊಡ್ಡ ಹಾಳೆಗಳಲ್ಲಿ ಬರೆದು, ಕತ್ತರಿಸಿ, ದಾರ ಪೋಣಿಸಿ, ಶೀರ್ಷಿಕೆ ಕೊಟ್ಟು 27 ಕಟ್ಟು ಮಾಡಿದ್ದ. ಪಣದ ವಾದ ಆ ಇಪ್ಪತ್ತೇಳರಲ್ಲಿ ಯಾವುದರಲ್ಲೂ ಇಲ್ಲ.