ಬಣ್ಣದಡಿ ಮುಚ್ಚಿದ ಬೇಗಂ

ಚಾಂದ್ ಬೀಬಿ ನಮಗೆಲ್ಲ ಗೊತ್ತು. ಆಕೆಯ ತಾಯಿ ಯಾರು ಅಂದ್ರೆ ಸುಮ್ಮನಾಗ್ತೇವೆ. ಹೆಸರು ಖುಂಜಾ ಹುಮಾಯೂನ್, ಅಹ್ಮದ್‌ನಗರದ ಸುಲ್ತಾನ ಹುಸೇನ್ ನಿಜಾಂ ಶಾಹನ ಬೇಗಂ.

1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ಹುಸೇನನೂ ಒಬ್ಬ. ಆ ಗೆಲುವನ್ನೂ ಇವರಿಬ್ಬರ ನಿಕಾಹನ್ನೂ ಹೊಗಳಿ ಆಫ್ತಾಬಿ ಎಂಬ ಕವಿ ಫಾರ್ಸಿಯಲ್ಲಿ ‘ತಾರೀಫ್-ಎ-ಹುಸೇನ್ ಶಾಹಿ’ ಬರೆದ. ಅದರ ಸಚಿತ್ರ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ದಖ್ಖನಿನ ತೀರಾ ಹಳೆಯ ಚಿತ್ರಗಳಲ್ಲಿ ಇವೂ ಸೇರುತ್ತವೆ.

ಚಿತ್ರಕಾರ ಬೇಗಮ್ಮರನ್ನು ಸುಲ್ತಾನನ ಜೊತೆ ತಖ್ತಿನ ಮೇಲೇ ಕೂರಿಸಿದ್ದ. ಆ ಕಾಲದ ದರ್ಬಾರಿ ಚಿತ್ರಗಳಲ್ಲಿ ಇದು ಬಹಳ ಅಪರೂಪ. ಬರೀ ಅಲಂಕಾರಕ್ಕಲ್ಲ ನೋಡಿ! ಹುಸೇನ್ ಅದೇ ವರ್ಷ ತೀರಿಕೊಂಡಾಗ ಮಗ ಮುರ್ತಜಾ ಇನ್ನೂ ಚಿಕ್ಕವ. ರಾಜ್ಯ ನಡೆಸಿದ್ದು ತಾಯಿಯೇ. ಮುಂದೆ ಅದೇ ಮಗ ತಾಯಿಯನ್ನು ಸೆರೆಯಲ್ಲಿಟ್ಟ.

ಚಿತ್ರಗಳಲ್ಲೂ ಬೇಗಂ ಉಳಿಯಲಿಲ್ಲ. ಹಲವು ಪುಟಗಳಲ್ಲಿ ಅವರ ಆಕೃತಿಯ ಮೇಲೆ ಬಣ್ಣ ಬಳಿದಿದ್ದಾರೆ. ಅಧಿಕಾರ ಹೋದದ್ದಕ್ಕೂ ಇದಕ್ಕೂ ನಂಟಿದೆ ಅಂತಾರೆ ಇತಿಹಾಸಕಾರರು. ಸುಲ್ತಾನ ಹಾಗೇ ಇದ್ದಾನೆ, ಪಕ್ಕದಲ್ಲಿ ಬರೀ ಕಲೆ. ಸ್ವಲ್ಪ ನಿಂತು ನೋಡಿದ್ರೆ ಆ ಕಲೆಯೊಳಗೆ ಮನುಷ್ಯಾಕಾರ ಕಾಣುತ್ತೆ.

ತಾಳಿಕೋಟೆ ಪಾಠಕ್ಕೆ ನಾನು ಮಕ್ಕಳಿಂದ ಸುಲ್ತಾನರ ಹೆಸರಷ್ಟೇ ಬಾಯಿಪಾಠ ಮಾಡಿಸ್ತಿದ್ದೆ. ಈಗ ಈ ಚಿತ್ರ ತೋರಿಸಿ ಮೊದಲು ಕೇಳ್ತೀನಿ: “ಪಕ್ಕದಲ್ಲಿ ಯಾರಿದ್ರು?”