ನಿಯಮಕ್ಕಿಂತ ಮೊದಲು ಪದ: ಪರಿಣತ ವ್ಯವಸ್ಥೆಯ ಪಾಠಕ್ಕೊಂದು ಉದಾಹರಣೆ

ಗಣಕ ವಿಜ್ಞಾನದ ಅಭ್ಯಾಸ ಬೋಧನೆಯಲ್ಲಿ ನಿಯಮಾಧಾರಿತ ಪರಿಣತ ವ್ಯವಸ್ಥೆಯ ಪಾಠ ಬಂದಾಗ ಬಹುತೇಕ ಪ್ರಶಿಕ್ಷಣಾರ್ಥಿಗಳು ‘ಹೀಗಿದ್ದರೆ ಹಾಗೆ ಮಾಡು’ ಎಂಬ ವಾಕ್ಯಗಳಿಂದಲೇ ಆರಂಭಿಸುತ್ತಾರೆ. ನಿಯಮ ಬರೆಯುವುದು ಸುಲಭ. ಅದರೊಳಗಿನ ಪದಗಳಿಗೆ ಖಚಿತ ಅರ್ಥ ಕೊಡುವುದೇ ಕಷ್ಟದ ಕೆಲಸ, ಪಾಠದ ಹೆಚ್ಚಿನ ಸಮಯ ಅದಕ್ಕೇ ಸಲ್ಲಬೇಕು.

ಸಾಲ ಕೊಡಬಹುದೇ, ವಿಮೆ ಸಲ್ಲುತ್ತದೆಯೇ ಎಂಬಂಥ ತೀರ್ಮಾನಗಳಿಗೆ ಸಂಸ್ಥೆಗಳು ಅನುಸರಿಸುವ ಕಟ್ಟಳೆಗಳೇ ವ್ಯವಹಾರ ನಿಯಮಗಳು. ಇವುಗಳಿಗಾಗಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 2008ರಲ್ಲಿ ಎಸ್‌ಬಿವಿಆರ್ ಎಂಬ ಮಾನಕವನ್ನು ಪ್ರಕಟಿಸಿತು. ಅದರ ಕ್ರಮ ಹೀಗಿದೆ: ಮೊದಲು ಪದಗಳು, ಪದಗಳನ್ನು ಜೋಡಿಸಿ ಸಂಗತಿಗಳು, ಸಂಗತಿಗಳ ಮೇಲೆ ನಿಯಮಗಳು.

ತರಗತಿಗೆ ಬ್ಯಾಂಕಿನ ಉದಾಹರಣೆಗಿಂತ ನಮ್ಮದೇ ಕ್ಷೇತ್ರದ್ದು ಮೇಲು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯನ್ನೇ ತೆಗೆದುಕೊಳ್ಳೋಣ. 1ರಿಂದ 5ನೇ ತರಗತಿಗಳಲ್ಲಿ ದಾಖಲಾದ ಮಕ್ಕಳು 60ರವರೆಗೆ ಇದ್ದರೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ಮೀರಿದರೆ ಐವರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕ. 200 ಮೀರಿದರೆ, ಮುಖ್ಯ ಶಿಕ್ಷಕರನ್ನು ಬಿಟ್ಟು, ಒಬ್ಬ ಶಿಕ್ಷಕರಿಗೆ 40 ಮಕ್ಕಳಿಗಿಂತ ಹೆಚ್ಚಿರಬಾರದು.

ಈಗ 160 ಮಕ್ಕಳ ಶಾಲೆಯನ್ನು ಕೊಡಿ. ಎರಡು ಸಾಲುಗಳು ಒಟ್ಟಿಗೆ ಅನ್ವಯಿಸುತ್ತವೆ. ‘ಶಿಕ್ಷಕರ ಸಂಖ್ಯೆ’ ಎಂಬ ಒಂದೇ ಪದವಿದ್ದರೆ ಒಂದು ಸಾಲು 5 ಎನ್ನುತ್ತದೆ, ಇನ್ನೊಂದು 6 ಎನ್ನುತ್ತದೆ. ಗಣಕಕ್ಕೆ ಇದು ವಿರೋಧ. ‘ಶಿಕ್ಷಕ’, ‘ಮುಖ್ಯ ಶಿಕ್ಷಕ’ ಎಂದು ಪದಗಳನ್ನು ಬೇರ್ಪಡಿಸಿದರೆ ನಿಯಮದ ಒಂದಕ್ಷರ ತಿದ್ದದೆಯೇ ಆ ವಿರೋಧ ಇಲ್ಲವಾಗುತ್ತದೆ. 240 ಮಕ್ಕಳಿದ್ದಾಗ ಪರಿಣಾಮ ಇನ್ನೂ ಗಂಭೀರ. ಆರು ಶಿಕ್ಷಕರು ಬೇಕು. ಮುಖ್ಯ ಶಿಕ್ಷಕರನ್ನೂ ಆ ಆರರಲ್ಲಿ ಎಣಿಸಿದರೆ ಉಳಿಯುವುದು ಐವರು, ಒಬ್ಬೊಬ್ಬರಿಗೆ 48 ಮಕ್ಕಳು. ಪರದೆಯ ಮೇಲೆ ಮಾತ್ರ ‘ನಿಯಮ ಪಾಲನೆಯಾಗಿದೆ’ ಎಂದೇ ಬರುತ್ತದೆ!

‘ಮಕ್ಕಳ ಸಂಖ್ಯೆ’ ಎಂಬ ಪದವೂ ಹೀಗೆಯೇ. ದಾಖಲಾತಿ ವಹಿಯಲ್ಲಿ 64, ಇಂದಿನ ಹಾಜರಿಯಲ್ಲಿ 58. ಯಾವುದನ್ನು ತುಂಬಬೇಕು? ಹಾಜರಿ ತುಂಬಿದರೆ ಆ ಶಾಲೆಗೆ ಸಲ್ಲಬೇಕಾದ ಮೂರನೆಯ ಶಿಕ್ಷಕ ಲೆಕ್ಕದಲ್ಲೇ ಮಾಯ. ಕಾಯ್ದೆ ಹೇಳುವುದು ದಾಖಲಾದ ಮಕ್ಕಳನ್ನು. ಪದವೂ ಅದೇ ಆಗಿರಬೇಕು.

ಇನ್ನೊಂದು ತೊಡಕು ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕಾಣುತ್ತದೆ. ಒಂದೇ ಶಾಲೆಯಲ್ಲಿ 1ರಿಂದ 7 ಅಥವಾ 8ನೇ ತರಗತಿಗಳಿವೆ. ಅನುಸೂಚಿ ಮಾತ್ರ 6ರಿಂದ 8ಕ್ಕೆ ಬೇರೆ ಅಳತೆ ಇಟ್ಟಿದೆ: 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕ. ಆದ್ದರಿಂದ ‘ದಾಖಲಾದ ಮಕ್ಕಳು’ ಎಂಬುದನ್ನು ಶಾಲೆಗೆ ಜೋಡಿಸದೆ ‘ಹಂತ’ಕ್ಕೆ ಜೋಡಿಸಬೇಕು. ‘ಶಾಲೆಯಲ್ಲಿ ಹಂತಗಳಿವೆ, ಹಂತದಲ್ಲಿ ದಾಖಲಾದ ಮಕ್ಕಳಿದ್ದಾರೆ’ ಎಂಬ ಎರಡು ಸಂಗತಿಗಳನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಬಹುದು.

ಪಾಠದ ಕ್ರಮ ಸರಳ. ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು ನಾಮಪದಗಳಿಗೆ ಅಡಿಗೆರೆ ಎಳೆಸಿ. ಪ್ರತಿ ಪದಕ್ಕೂ ಕೇಳಿ: ಇದರ ಅರ್ಥವೇನು, ಇದರಲ್ಲಿ ಯಾರು ಸೇರುವುದಿಲ್ಲ, ಇದರ ಬೆಲೆ ಯಾವ ವಹಿಯಲ್ಲಿ ಸಿಗುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರ ಸಿಗದ ಪದವನ್ನು ನಿಯಮದಲ್ಲಿ ಬಳಸಗೊಡಬೇಡಿ. ಕೊನೆಗೆ 160 ಮತ್ತು 240ರ ಲೆಕ್ಕಗಳನ್ನು ಎರಡೂ ಪದಕೋಶಗಳಿಂದ ಮಾಡಿಸಿ, ಉತ್ತರಗಳನ್ನು ಅಕ್ಕಪಕ್ಕ ಬರೆಸಿ.