ಬಿಡಿ ಭಾಗಗಳಿಂದ ಇಡೀ ರೈಫಲ್

ಅಮೆರಿಕದ ಅನೇಕ ರಾಜ್ಯಗಳಲ್ಲಿ ಹವ್ಯಾಸಿಯೊಬ್ಬ ನಳಿಗೆಯನ್ನು ಒಂದು ಕಂಪನಿಯಿಂದ, ಬೋಲ್ಟನ್ನು ಇನ್ನೊಂದರಿಂದ, ಹಿಡಿಯನ್ನು ಮತ್ತೊಂದರಿಂದ ತರಿಸಿಕೊಂಡು ಮನೆಯಲ್ಲೇ ಎಆರ್-15 ಮಾದರಿಯ ರೈಫಲ್ ಜೋಡಿಸಬಹುದು. ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಮೊದಲ ಸಲ ಕೈಹಾಕುವವರು ತಲೆಕೆಡಿಸಿಕೊಳ್ಳುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಹಿಡಿ, ದುರ್ಬೀನು, ಬಣ್ಣಗಳ ಬಗ್ಗೆ. ಆದರೆ ರೈಫಲ್ಲಿನ ಗುಣ ತೀರ್ಮಾನವಾಗುವುದು ಒಳಗಡೆ. ಭಾಗಗಳು ಸಲೀಸಾಗಿ ಕೂಡಿಕೊಂಡ ಮಾತ್ರಕ್ಕೆ ಅವು ಚೆನ್ನಾಗಿ ಕೂಡಿ ದುಡಿಯುತ್ತವೆ ಎಂದೇನಿಲ್ಲ.

ಹೀಗೆ ಸಲೀಸಾಗಿ ಕೂಡುವುದೇ ಒಂದು ಕಾಲಕ್ಕೆ ದೊಡ್ಡ ಸುದ್ದಿ. ಕೈಯಿಂದ ಅರ ಹಾಕಿ ಮಾಡಿದ ಬಂದೂಕಿನ ತಿರುಪು ಕೂಡ ಪಕ್ಕದ ಬಂದೂಕಿಗೆ ಹಿಡಿಯುತ್ತಿರಲಿಲ್ಲ. 1785ರಲ್ಲಿ ಫ್ರಾನ್ಸ್‌ನಲ್ಲಿ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್, ಒನೊರೆ ಬ್ಲಾಂಕ್ ಎಂಬ ಬಂದೂಕು ತಯಾರಕನ ಕಾರ್ಖಾನೆಗೆ ಹೋದರು. ಐವತ್ತು ಬಂದೂಕುಗಳ ಸಿಡಿಯಂತ್ರವನ್ನು ಬಿಚ್ಚಿ, ಬಗೆಬಗೆಯ ತುಂಡುಗಳನ್ನು ಬೇರೆಬೇರೆ ಖಾನೆಗಳಲ್ಲಿ ಇಟ್ಟಿದ್ದರು. ಜೆಫರ್ಸನ್ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ತಾವೇ ಕೆಲವನ್ನು ಜೋಡಿಸಿದರು. ಎಲ್ಲವೂ ಸರಿಯಾಗಿ ಕೂತವು.

ಆ ಚಮತ್ಕಾರವನ್ನು ದಿನನಿತ್ಯದ ಉತ್ಪಾದನೆಯಾಗಿಸಿದವರಲ್ಲಿ ಮುಖ್ಯ, ಅಮೆರಿಕದ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರದಲ್ಲಿ ದುಡಿದ ಜಾನ್ ಹಾಲ್. ಒಂದು ಅಂಚಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಳೆಯುತ್ತಾ ಹೋದರೆ ಪ್ರತಿ ಹೆಜ್ಜೆಯ ಸಣ್ಣ ತಪ್ಪು ಸೇರಿ ಕೊನೆಗೆ ದೊಡ್ಡದಾಗುತ್ತದೆ. ಹಾಲ್ ಪ್ರತಿ ಭಾಗದಲ್ಲೂ ಒಂದೇ ಒಂದು ಬಿಂದುವನ್ನು ಗೊತ್ತುಮಾಡಿ, ಎಲ್ಲ ಅಳತೆಯನ್ನೂ ಅಲ್ಲಿಂದಲೇ ತೆಗೆಯಿಸಿದ. 1834ರ ಹೊತ್ತಿಗೆ ಅವನ ರೈಫಲ್ಲಿನ ಭಾಗಗಳು ದೂರದ ಕನೆಕ್ಟಿಕಟ್‌ನಲ್ಲಿ ಸಿಮಿಯನ್ ನಾರ್ತ್ ತಯಾರಿಸುತ್ತಿದ್ದ ಅದೇ ಮಾದರಿಯ ರೈಫಲ್ಲಿಗೂ ಹಿಡಿಯುತ್ತಿದ್ದವು. ಇಂದಿನ ಹವ್ಯಾಸಿ ನಾಲ್ಕು ಕಂಪನಿಗಳಿಂದ ಸಾಮಾನು ತರಿಸುವ ಧೈರ್ಯ ಮಾಡುವುದು ಈ ಬುನಾದಿಯ ಮೇಲೆ.

ಹಾಗಾದರೆ ಆಯ್ಕೆಯಲ್ಲಿ ತಪ್ಪುವುದೆಲ್ಲಿ? ಮೊದಲನೆಯದು ಬೋಲ್ಟ್ ಮತ್ತು ನಳಿಗೆಯ ಜೋಡಿ. ಎಆರ್-15 ಮಾದರಿಯ ರೈಫಲ್ಲಿನಲ್ಲಿ ತೋಟಾ ಸಿಡಿದಾಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ನಾಲ್ಕು ಸಾವಿರ ಪಟ್ಟು ಏರುತ್ತದೆ. ಅದನ್ನು ತಡೆಯುವುದು ಬೋಲ್ಟಿನ ತುದಿಯ ಏಳು ಉಕ್ಕಿನ ಹಲ್ಲುಗಳು; ಅವು ತಿರುಗಿ ನಳಿಗೆಯ ಹಿಂತುದಿಯ ಉಕ್ಕಿನ ತೋಳಿಗೇ ಬೀಗ ಹಾಕಿಕೊಳ್ಳುತ್ತವೆ. ಬೀಗ ಬಿದ್ದಾಗ ತೋಟಾಕ್ಕೆ ಉಳಿಯುವ ಜಾಗವನ್ನು ಎರಡು ಉಕ್ಕಿನ ಗೇಜುಗಳಿಂದ ಪರೀಕ್ಷಿಸುತ್ತಾರೆ: ಒಂದರ ಮೇಲೆ ಬೋಲ್ಟ್ ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಕೂಡದು. ಎರಡರ ನಡುವಿನ ವ್ಯತ್ಯಾಸ ಸುಮಾರು 0.08 ಮಿಲಿಮೀಟರ್, ಒಂದು ಕೂದಲೆಳೆಯಷ್ಟು. ಜಾಗ ಅದಕ್ಕಿಂತ ಸಡಿಲವಾದರೆ ಹಿತ್ತಾಳೆಯ ತೋಟಾ ಹಿಗ್ಗಿ ಹರಿಯಬಹುದು. ಎರಡು ಒಳ್ಳೆಯ ಕಂಪನಿಗಳ ಭಾಗಗಳನ್ನು ಸೇರಿಸಿದಾಗಲೂ ಈ ಪರೀಕ್ಷೆ ಬಿಡುವಂತಿಲ್ಲ.

ಎರಡನೆಯದು ನಳಿಗೆಯೊಳಗಿನ ಸುರುಳಿ ಗೀರು. ಗುಂಡು ಬುಗುರಿಯಂತೆ ತಿರುಗಿದರೆ ಮಾತ್ರ ಮೂತಿ ಮುಂದಾಗಿ ನೇರ ಹಾರುತ್ತದೆ. ಗುಂಡು ಉದ್ದವಾದಷ್ಟೂ ಹೆಚ್ಚು ತಿರುಗಬೇಕು. ಇದೇ ವಿನ್ಯಾಸದ ಸೇನಾ ರೈಫಲ್ ಎಂ-16ರ ಮೊದಲ ನಳಿಗೆಗಳಲ್ಲಿ ಗುಂಡು 14 ಇಂಚಿಗೆ ಒಂದು ಸುತ್ತು ಹಾಕುತ್ತಿತ್ತು. ಕೊರೆಯುವ ಚಳಿಯ ಸಾಂದ್ರ ಗಾಳಿಯಲ್ಲಿ ಅದು ಸಾಲದೆ ಗುಂಡು ತೊನೆಯತೊಡಗಿದ್ದರಿಂದ 12 ಇಂಚಿಗೆ ಇಳಿಸಿದರು. ಮುಂದೆ ಇನ್ನೂ ಉದ್ದದ ಗುಂಡುಗಳು ಬಂದಾಗ ಅದು 7 ಇಂಚಿಗೆ ಬಂತು. ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಅಂಥ ನಳಿಗೆಯಿಂದ ಹೊರಟ ಗುಂಡು ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ. ಹಾಗಾಗಿ ಯಾವ ಗುಂಡು ಹಾರಿಸುತ್ತೇನೆಂದು ಗೊತ್ತುಮಾಡಿಕೊಳ್ಳದೆ ನಳಿಗೆ ಕೊಳ್ಳುವುದು ಕುರುಡು ಆಯ್ಕೆ.

ಮೂರನೆಯದು ಉದ್ದ. ಗುಂಡನ್ನು ತಳ್ಳಿದ ಅನಿಲದಲ್ಲಿ ಸ್ವಲ್ಪವನ್ನು ನಳಿಗೆಯ ಒಂದು ಸಣ್ಣ ತೂತಿನಿಂದ ಹಿಂದಕ್ಕೆ ಹರಿಸಿ ಬೋಲ್ಟ್ ತೆರೆಯುವಂತೆ ಮಾಡುತ್ತಾರೆ. 20 ಇಂಚಿನ ಪೂರ್ಣ ಅಳತೆಯ ರೈಫಲ್ಲಿನಲ್ಲಿ ಆ ತೂತು ಬೋಲ್ಟಿನಿಂದ ಸುಮಾರು 33 ಸೆಂಟಿಮೀಟರ್ ದೂರ. ಗಿಡ್ಡ ಕಾರ್ಬೈನಿನಲ್ಲಿ ಸುಮಾರು 20. ದೂರ ಹೆಚ್ಚಿದಷ್ಟೂ ಅನಿಲದ ಒತ್ತಡ ಇಳಿದಿರುತ್ತದೆ, ಬೋಲ್ಟ್ ಮೆಲ್ಲಗೆ ತೆರೆಯುತ್ತದೆ, ಭಾಗಗಳು ಸವೆಯುವುದೂ ಕಡಿಮೆ. ಹೊಸಬರಿಗೆ ಉದ್ದನೆಯ ರೈಫಲ್ ಹೇಳಿದಂತೆ ಕೇಳುವುದು ಇದೇ ಕಾರಣಕ್ಕೆ.

ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿ ರೂಪಿಸಿದ ಈ ವಿನ್ಯಾಸದ ಜಾಣ್ಮೆ ಆ ಉಕ್ಕಿನ ಬೀಗದಲ್ಲೇ ಇದೆ. ಪೂರಾ ಒತ್ತಡ ಬೋಲ್ಟ್ ಮತ್ತು ನಳಿಗೆಯ ನಡುವೆಯೇ ಮುಗಿಯುವುದರಿಂದ ಹೊರಕವಚವನ್ನು ಹಗುರವಾದ ಅಲ್ಯೂಮಿನಿಯಂನಲ್ಲಿ ಮಾಡಲು ಸಾಧ್ಯವಾಯಿತು. ವಿಚಿತ್ರವೆಂದರೆ, ಅಮೆರಿಕದ ಫೆಡರಲ್ ಕಾನೂನು ಬಂದೂಕು ಎಂದು ಗುರುತಿಸುವುದು ಟ್ರಿಗರ್ ಇರುವ ಆ ಕೆಳಗಿನ ಅಲ್ಯೂಮಿನಿಯಂ ಕವಚವನ್ನೇ. ಅಂಗಡಿಯಲ್ಲಿ ಮಾರುವಾಗ ಸರಣಿ ಸಂಖ್ಯೆ, ಕೊಳ್ಳುವವನ ಹಿನ್ನೆಲೆಯ ತಪಾಸಣೆ ಎಲ್ಲವೂ ಅದಕ್ಕೆ. ನಾಲ್ಕು ಸಾವಿರ ಪಟ್ಟು ಒತ್ತಡ ತಡೆಯುವ ನಳಿಗೆ ಮತ್ತು ಬೋಲ್ಟ್ ಆ ಕಾನೂನಿನ ಕಣ್ಣಿಗೆ ಬರೀ ಬಿಡಿಭಾಗ. ನಮ್ಮ 1959ರ ಆಯುಧ ಕಾಯ್ದೆ ಈ ವಿಷಯದಲ್ಲಿ ಸಂದಿಯನ್ನೇ ಬಿಟ್ಟಿಲ್ಲ. ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ. ಬಿಡಿಭಾಗಗಳೂ, ಅವನ್ನು ತಯಾರಿಸುವ ಯಂತ್ರಗಳೂ ಬಂದೂಕಿನ ವ್ಯಾಖ್ಯೆಯೊಳಗೇ ಬರುತ್ತವೆ.